ಕಾಗೆ ಮುಟ್ಟದ ತಿಂಗಳುಗಳು

ನಮ್ಮ ವಾಡೆಯ ಮಾವಶಿಯರು ಅದಕ್ಕೆ ಕಾಗೆ ಎನ್ನುತ್ತಾರೆ.
"ಕಾಗೆ ಮುಟ್ಟಿತೇನೇ?" ಎಂದು ನಲ್ಲಿಯ ಬಳಿ ಕೇಳಿ
ಕೊಡವನ್ನು ಅರ್ಧ ಗೇಣು ಆಚೆ ಸರಿಸುತ್ತಾರೆ.
ಅವ್ವ ಇಂಡಿ ಕಡೆಯವಳು, ಅವಳ ಮಾತಲ್ಲಿ ಅದು ಕಡಿಗಾಗೋದು.
ಕದಂ ಸರ್ ಬಾಯಲ್ಲಿ ಅದಕ್ಕೆ ಹೆಸರೇ ಇಲ್ಲ,
"ಪ್ರಾಬ್ಲೆಮ್ ಇದ್ದರೆ ಎರಡು ಸುತ್ತು ಕಡಿಮೆ ಓಡು" ಅಷ್ಟೇ,
ಅದೂ ಸ್ಟಾಪ್‌ವಾಚ್ ನೋಡುತ್ತಾ.

ಶ್ರಾವಣಕ್ಕೆ ಬರಲಿಲ್ಲ ಕಾಗೆ.
ಗಣಪತಿ ಕೂತ, ಎದ್ದ, ಮುಠಾ ನದಿಯಲ್ಲಿ ಮುಳುಗಿದ,
ಬರಲಿಲ್ಲ.
ನನಗೆ ಖುಷಿಯೇ ಆಗಿತ್ತು, ಸುಳ್ಳೇಕೆ.
ಬೆಳಗಿನ ಐದಕ್ಕೆ ಪರ್ವತಿಯ ಮೆಟ್ಟಿಲು, ಹತ್ತು ಸಲ ಮೇಲೆ, ಹತ್ತು ಸಲ ಕೆಳಗೆ,
ಸಂಜೆ ಸಣಸ್ ಮೈದಾನ,
ಕಲೆಗೆ ಹೆದರದ ಬಿಳಿ ಚಡ್ಡಿ.
ಎಂಟುನೂರು ಮೀಟರಿಗೆ ಎರಡು ನಿಮಿಷ ಹನ್ನೊಂದು,
ಆಮೇಲೆ ಒಂಬತ್ತು.
"ಈಗ ಹಗುರಾದೆ ನೋಡು," ಎಂದರು ಸರ್.
ಹರ್ಡಲ್ಸಿನ ರೋಹಿಣಿ ಘೋರ್ಪಡೆ ಕಿವಿಯಲ್ಲಿ ಹೇಳಿದಳು:
"ನನ್ನದು ಹೋಗಿ ವರ್ಷವಾಯಿತು.
ಅದು ಹೋದ ಮೇಲೆಯೇ ನಾವು ಖರೆ ಓಟಗಾರ್ತಿಯರು."
ಪದಕದ ಹಾಗೆ ಹೇಳಿದಳು.
ನಾನೂ ಕೊರಳಿಗೆ ಹಾಕಿಕೊಂಡೆ.

ದಸರೆಗೆ ಟ್ರಂಕು ಒರೆಸುವಾಗ ಅವ್ವ ನೋಡಿದಳು,
ಪ್ಯಾಡಿನ ಪೊಟ್ಟಣಕ್ಕೆ ಧೂಳು.
ಅವಳ ಲೆಕ್ಕದಲ್ಲಿ ತಿಂಗಳು ನಿಲ್ಲುವುದಕ್ಕೆ ಒಂದೇ ಅರ್ಥ.
"ಯಾರ್ ಅಂವಾ?"
"ಯಾರೂ ಇಲ್ಲವ್ವಾ."
"ಹೆಸರ್ ಹೇಳು, ಬಡಿಯೂದಿಲ್ಲ."
ಹೇಳಲು ನನ್ನ ಬಳಿ ಇದ್ದದ್ದು
ಎರಡು ನಿಮಿಷ ಒಂಬತ್ತು ಸೆಕೆಂಡು.

ಟಿಳಕ ರೋಡಿನಾಚೆ ಗುರುತಿನವರಿಲ್ಲದ ಮೆಡಿಕಲ್ ಹುಡುಕಿ
ಸೆರಗಿನಡಿ ಪಟ್ಟಿ ತಂದಳು.
ಒಂದೇ ಗೆರೆ.
ಅವ್ವ ನಿಂತಲ್ಲೇ ಕುಸಿದು ಕೂತು ನಕ್ಕಳು,
ನಗುತ್ತ ನಗುತ್ತ ಒಮ್ಮೆಗೇ ನಿಲ್ಲಿಸಿ,
"ಹಂಗಾರ ರಕ್ತ ಎಲ್ಲಿ ಹೋತು?"

ಉತ್ತರ ಕೊಟ್ಟದ್ದು ಡಿಸೆಂಬರಿನಲ್ಲಿ, ಮೊಳಕಾಲ ಕೆಳಗಿನ ಎಲುಬು.
ಬಿದ್ದಿರಲಿಲ್ಲ, ಎಡವಿರಲಿಲ್ಲ,
ಮೂರನೇ ತಿರುವಿನಲ್ಲಿ, ಒಳಗೆ,
ಒಣ ಜೋಳದ ದಂಟಿನಂಥ ಸದ್ದು.
ಸಸೂನ್ ಆಸ್ಪತ್ರೆಯ ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು
ಕೂದಲೆಳೆ ಬಿರುಕು ತೋರಿಸಿದರು.
ಆಮೇಲೆ ಕಾಲು ಬಿಟ್ಟು ಬೇರೆಯೇ ಕೇಳಿದರು:
ಕಡೆಯ ಮುಟ್ಟು ಯಾವಾಗ? ದಿನಕ್ಕೆ ಎಷ್ಟು ರೊಟ್ಟಿ?
"ಅರ್ಧ," ಎಂದೆ.

ಅವ್ವ ದಿನಕ್ಕೆ ಇನ್ನೂರು ಬಡಿಯುತ್ತಾಳೆ.
ಸ್ವಾರಗೇಟಿನ ಹಿಂದೆ ನಮ್ಮ ಖಾನಾವಳಿ,
ಕಲಬುರ್ಗಿ, ವಿಜಾಪುರ ಗಾಡಿಯ ಡ್ರೈವರುಗಳು
ಶೇಂಗಾ ಹಿಂಡಿ ನೆಂಚಿಕೊಂಡು "ಅಕ್ಕಾ, ಇನ್ನೊಂದ್" ಅನ್ನುತ್ತಾರೆ.
ಅವರ ಮುಂದೆ ತಟ್ಟೆ ಇಡುತ್ತಾ ನಾನು
ಪ್ರತಿ ರೊಟ್ಟಿಯನ್ನೂ ಗ್ರಾಮಿನಲ್ಲಿ ಓದುತ್ತಿದ್ದೆ.

ಹಾರ್ಮೋನು, ಎಲುಬು, ಶಕ್ತಿ ಎಂದು ಡಾಕ್ಟರಮ್ಮ ಮರಾಠಿಯಲ್ಲಿ ಬಿಡಿಸಿ ಹೇಳಿದರು.
ಅವ್ವ ತಲೆಯಾಡಿಸಿದಳು, ತಿಳಿಯದೆ.
ತಿಳಿದದ್ದು ಬಸ್ಸಿನಲ್ಲಿ, ಶನಿವಾರವಾಡೆ ದಾಟಿದ ಮೇಲೆ.
"ಹಿಟ್ಟ್ ಕಡಿಮಿ ಬಿದ್ದ ದಿನ," ಅಂದಳು ಕಿಟಕಿಗೆ,
"ನಾ ಮೊದಲ ಯಾರ ಊಟ ನಿಲ್ಲಸತೀನಿ?"
ನನಗೆ ಗೊತ್ತಿತ್ತು.
ಗಿರಾಕಿಯದಲ್ಲ, ತಮ್ಮನದಲ್ಲ, ನನ್ನದಲ್ಲ.
"ಒಳಗಿನಾಕಿನೂ ಹಂಗ ಮಾಡ್ಯಾಳ."

ಈಗ ಕಾಲಿಗೆ ಪಟ್ಟಿ, ಆರು ವಾರ.
ಮೂರು ರೊಟ್ಟಿ. ಅವ್ವನ ತಟ್ಟೆಯೂ ನನ್ನ ತಟ್ಟೆಯ ಜೊತೆಗೇ,
ಅದು ನನ್ನ ಶರತ್ತು.
ಎರಡನೆಯದು ಇಂದಿಗೂ ಗಂಟಲಲ್ಲಿ ನಿಲ್ಲುತ್ತದೆ.
ಸರ್ ಫೋನು ಮಾಡಿದ್ದರು: "ತೂಕ ನೋಡ್ಕೋ."
ರೋಹಿಣಿಗೆ ಹೇಳಬೇಕೆಂದು ಕುಂಟುತ್ತ ಹೋದೆ.
ಹತ್ತನೇ ಹರ್ಡಲ್ ದಾಟುತ್ತಿದ್ದಳು, ಅಷ್ಟು ಚೆಂದ,
ಕರೆಯಲಾಗಲಿಲ್ಲ.

ಮೈದಾನದ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದೆ.
ಬಂದು ಕೂತಿತೊಂದು ಕಾಗೆ, ನಿಜವಾದದ್ದು,
ಬೂದು ಕುತ್ತಿಗೆ, ಒಂದು ಕಣ್ಣು ನನ್ನ ಮೇಲೆ.
ತುಂಡು ಮುರಿದು ಎಸೆದೆ.
ಒಂದು ಹೆಜ್ಜೆ ಮುಂದಿಟ್ಟಿತು, ಎರಡು ಹಿಂದಕ್ಕೆ.
ಅವಸರ ಇಲ್ಲ, ಬಾ, ಎಂದೆ
ಪುಣೆಯ ಕಾಗೆಗೆ, ಕನ್ನಡದಲ್ಲಿ.
ರೊಟ್ಟಿ ಕಚ್ಚಿಕೊಂಡು ಅದು ಪರ್ವತಿಯ ಕಡೆ ಹೋಯಿತು.